ಕಾಳೆಯರಸನ ಹುಲ್ಲು ಕದ್ದವರು

ಜಗತ್ತಿನಲ್ಲಿ ಎಷ್ಟು ಹುಲ್ಲುಗಾವಲುಗಳಿವೆಯೋ ಅಷ್ಟನ್ನೂ ಬರಿಗಾಲಲ್ಲಿ ತುಳಿದು ಬಂದವನು ನಾನು. ಸುಳ್ಳು. ಚಳ್ಳಕೆರೆ ದಾಟಿದ್ದು ಒಂದೇ ಸಲ, ಅದೂ ಬಸ್ಸಿನಲ್ಲಿ, ನಿದ್ದೆ ಹೊಡೆಯುತ್ತ. ಆದರೆ ಈ ಕತೆಯಲ್ಲಿ ಹುಲ್ಲಿನ ಮಟ್ಟಿಗೆ ಒಂದು ಮಾತೂ ಸುಳ್ಳಲ್ಲ. ಅರಸರ ಮಟ್ಟಿಗೆ ಹೇಳಲಾರೆ.

ಎರೆಸೀಮೆಯ ಕಾಳೆಯರಸ ಡಂಗುರ ಹೊಡೆಸಿದ: "ಅರಸರ ಮೂರು ಒಗಟು ಬಿಡಿಸಿದವರಿಗೆ ಅರಸುಮಗಳು ಚಾಗಲೆ, ಅರ್ಧ ರಾಜ್ಯ, ಇಲ್ಲವೇ ಬಾಯಿಬಿಟ್ಟು ಕೇಳಿದ್ದು. ತಪ್ಪಿದವರ ತಲೆ ಹುಣ್ಣಿಮೆಯ ದಿನ ಕೋಟೆ ಬಾಗಿಲ ಮೇಲೆ." ಚಾಗಲೆಯನ್ನು ಒಂದು ಮಾತು ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಕುರಿ ಕಾಯುವ ಮಾಳಿಂಗ ಕೋಟೆಗೆ ಬಂದದ್ದು ಅವಳಿಗಾಗಿ ಅಲ್ಲ. ಅರಸನ ಹುಲ್ಲುಗಾವಲಿನ ಮುಳ್ಳುಬೇಲಿ ನುಗ್ಗಿದವೆಂದು ಅವನ ನೂರಿಪ್ಪತ್ತು ಕುರಿಗಳನ್ನು ಕಾವಲಿನವರು ದೊಡ್ಡಿಯಲ್ಲಿ ಕೂಡಿಹಾಕಿದ್ದರು. ಎರಡು ದಿನದಿಂದ ಅವಕ್ಕೆ ಮೇವಿರಲಿಲ್ಲ.

"ಒಗಟಿಗೆ ಕೂತವರನ್ನಷ್ಟೇ ಒಳಗೆ ಬಿಡೋದು" ಎಂದ ಬಾಗಿಲವನು.

"ಹಂಗಾದ್ರೆ ನಾನೂ ಕೂರ್ತೀನಿ."

"ತಲೆ ಹೋಗ್ತದೋ, ಮಂಕೆ."

"ಕುರಿ ಹೋದ ಮೇಲೆ ಅದಿದ್ದು ಏನು ಮಾಡ್ತದೆ?"

ಆ ದಿನ ಕೂತಿದ್ದವರು ಮೂವರು: ಒಬ್ಬ ದಂಡನಾಯಕ, ಒಬ್ಬ ಪಂಡಿತ, ಕಂಬಳಿ ಹೊದ್ದ ಮಾಳಿಂಗ.

ಅರಸ ಕೇಳಿದ: "ನಮ್ಮ ಹೊಳೆಬಯಲಿನಲ್ಲಿ ಹುಲ್ಲು ಆನೆಯನ್ನೇ ಮುಚ್ಚುತ್ತದೆ. ಅಲ್ಲೊಬ್ಬ ಶತ್ರು ಬೆನ್ನಟ್ಟಿ ಬಂದ. ಓಡಿದವನೂ ಸತ್ತ, ಅಡಗಿದವನೂ ಸತ್ತ. ಶತ್ರುವಿನ ಕೂಸನ್ನು ತಾನೇ ಹುಟ್ಟಿಸಿ, ಅದು ಬಿಟ್ಟುಹೋದ ಹಾಸಿಗೆಯ ಮೇಲೆ ನಿಂತವನು ಉಳಿದ. ಶತ್ರು ಯಾರು, ಹಾಸಿಗೆ ಯಾವುದು?"

ದಂಡನಾಯಕ ಮೀಸೆ ತಿರುವಿದ. "ಶತ್ರು ಹುಲಿ. ಹಾಸಿಗೆ ಹುಲಿಚರ್ಮ. ನಮ್ಮ ಮನೆಯಲ್ಲೇ ಇದೆ."

ಅವನನ್ನು ಸೆರೆಗೆ ನಡೆಸಿದರು. ಮೀಸೆ ದಾರಿಯಲ್ಲೇ ಇಳಿಯಿತು.

"ಕಾಳ್ಗಿಚ್ಚು, ಬುದ್ಧಿ" ಎಂದ ಮಾಳಿಂಗ. "ಗಾಳಿ ಬೆಂಕೀನ ನಮ್ಮ ಮೇಲೆ ತರುವಾಗ, ಮುಂದಿನ ಹುಲ್ಲಿಗೆ ನಾವೇ ಕಿಡಿ ಹಾಕಬೇಕು. ಆ ಕೂಸು ಬೆಂಕಿ ಗಾಳಿ ಹಿಡಿದು ಮುಂದೆ ಓಡ್ತದೆ. ಸುಟ್ಟ ನೆಲಕ್ಕೆ ಕುರಿ ನುಗ್ಗಿಸಿ ನಿಂತ್ಕೊಳ್ಳೋದು. ದೊಡ್ಡ ಬೆಂಕಿ ಬಂದ್ರೆ ಅದಕ್ಕೆ ತಿನ್ನಾಕೆ ಅಲ್ಲೇನೂ ಇರಾಕಿಲ್ಲ. ಕಾಲು ಸುಡ್ತದೆ, ಜೀವ ಉಳೀತದೆ."

ಪರದೆಯ ಹಿಂದಿನಿಂದ ಚಾಗಲೆಯ ದನಿ ಬಂತು: "ಅಂಗಾಲು ತೋರಿಸು."

ತೋರಿಸಿದ. ಸುಟ್ಟ ಕಲೆಗಳನ್ನು ನೋಡಲೆಂದು ಅವಳು ಪರದೆ ಸರಿಸಿ ಮುಂದೆಯೇ ಬಂದು ಕೂತಳು.

ಎರಡನೆಯದು: "ಮೋಡಕ್ಕಿಂತ ಮೇಲಿನ ಬೆಟ್ಟಗಳಲ್ಲಿ ಬರೀ ಹುಲ್ಲು. ಮರವೆಂಬುದಿಲ್ಲ, ಚಳಿಗೆ ನೀರು ಕಲ್ಲಾಗುತ್ತದೆ. ಅಲ್ಲಿ ನಿನ್ನೆ ಉಂಡದ್ದು ಇಂದಿನ ಊಟ ಬೇಯಿಸುತ್ತದೆ. ಏನದು?"

ಪಂಡಿತ ಕಣ್ಣು ಮುಚ್ಚಿ, "ಪೂರ್ವಜನ್ಮದ ಪುಣ್ಯ" ಎಂದ. ಆ ಪುಣ್ಯ ಅವನನ್ನು ಸೆರೆಯ ತನಕ ಕರೆದೊಯ್ದಿತು.

"ಸಗಣಿ, ಬುದ್ಧಿ" ಎಂದ ಮಾಳಿಂಗ. ಸಭೆ ಮೂಗು ಮುಚ್ಚಿಕೊಂಡಿತು. "ದನ ತಿಂದ ಹುಲ್ಲು ಸಗಣಿ ಆಗ್ತದೆ, ಒಣಗಿದ್ರೆ ಅದೇ ಸೌದೆ. ಅಲ್ಲಿ ಒಲೆಗೆ ಬೇರೆ ಗತಿ ಇಲ್ಲ, ನಾನೇ ಹೋಗಿ ಕಂಡಿದೀನಿ."

"ಒಂದೇ ದಿನಕ್ಕೆ ಒಣಗುತ್ತದೆಯೇ?" ಚಾಗಲೆ ಕೇಳಿದಳು.

"ಎಲ್ಲಿ ಒಣಗ್ತದೆ, ಅಮ್ಮಣ್ಣಿ. ಒಗಟು ಕಟ್ಟಿದವರು ಒಲೆ ಹಚ್ಚಿದವರಲ್ಲ."

ಅರಸ ಕೆಮ್ಮಿದ.

"ಅಷ್ಟು ದೂರ ನೀನು ಹೋದದ್ದಾದರೂ ಯಾಕೆ?" ಎಂದಳು ಅವಳು.

"ಒಂದು ಕಡೆ ಹುಲ್ಲು ಮುಗೀತು ಅಂದ್ರೆ ಕುರಿ ಮುಂದಕ್ಕೆ ಹೋಗ್ತವೆ, ಅವುಗಳ ಹಿಂದೆ ನಾನು. ಕುರಿ ಕಾಯೋನು ಅಂತ ನನ್ನ ಹೆಸರು ಅಷ್ಟೇ."

ಮೂರನೆಯದನ್ನು ಕೇಳುವಾಗ ಅರಸನ ದನಿ ತಗ್ಗಿತು. "ನನ್ನದೊಂದು ಬಯಲು ಭಂಡಾರ. ಸುತ್ತ ಮುಳ್ಳುಬೇಲಿ, ಹಗಲಿರುಳು ಕಾವಲು. ಏಳು ವರ್ಷ, ಮೊನ್ನೆಯ ತನಕ, ಒಂದು ಎಸಳನ್ನೂ ಯಾರೂ ಮುಟ್ಟಿಲ್ಲ. ಆದರೂ ವರ್ಷ ವರ್ಷ ಕರಗುತ್ತಿದೆ. ಕಳ್ಳ ಯಾರು?"

ಈ ಪ್ರಶ್ನೆಗೆ ಹಿಂದೊಬ್ಬ ರಾಜಕುಮಾರ "ಮಂತ್ರಿ" ಎಂದಿದ್ದನಂತೆ. ಅರಸ ಒಂದು ಗಳಿಗೆ ಯೋಚಿಸಿದ್ದನಂತೆ. ಮಂತ್ರಿಗೆ ಅವತ್ತಿನಿಂದ ನಿದ್ದೆಯಿಲ್ಲ.

ಮಾಳಿಂಗ ತಲೆ ಕೆರೆದುಕೊಂಡ. "ಬುದ್ಧಿ, ತಪ್ಪು ತಿಳೀಬಾರದು. ಇದರ ಉತ್ತರ ನಿಮಗೆ ಗೊತ್ತಾ?"

ಅರಸ ಕಿರೀಟ ಸರಿಮಾಡಿಕೊಂಡ. ಚಾಗಲೆ ನಕ್ಕಳು. "ಅಪ್ಪಾಜಿ, ಸಿಕ್ಕಿಬಿದ್ದಿರಿ."

"ಕಳ್ಳ ಆ ಬೇಲೀನೇ" ಎಂದ ಮಾಳಿಂಗ. "ಹುಲ್ಲಿಗೆ ಬಾಯಿ ತಾಗಬೇಕು. ತಾಗದಿದ್ರೆ ಹಳೇ ಹುಲ್ಲು ಒಣಗಿ ನಿಂತು, ಅಡೀಲಿರೋ ಚಿಗುರಿಗೆ ಬಿಸಿಲು ಬಿಡಾಕಿಲ್ಲ. ಬುಡ ಸಾಯ್ತದೆ."

"ಸಾಕ್ಷಿ?"

ಮಾಳಿಂಗ ಕಂಬಳಿಯನ್ನು ಬಿಗಿಯಾಗಿ ಹೊದ್ದುಕೊಂಡ. ಆ ರಾಜ್ಯದಲ್ಲಿ ಕುರಿ ತಾವಾಗಿ ಬೇಲಿ ನುಗ್ಗಿದರೆ ಕುರಿ ಮಾತ್ರ ಹೋಗುತ್ತಿತ್ತು. ಕುರುಬ ತಾನೇ ಬೇಲಿ ಸರಿಸಿ ಮೇಯಿಸಿದರೆ ತಲೆ. ದೊಡ್ಡಿಯ ಕಡೆಯಿಂದ ಕುರಿಗಳು ಅರಚುವುದು ಕೇಳುತ್ತಿತ್ತು.

"ಮೊನ್ನೆ ಕುರಿ ತಾವೇ ನುಗ್ಗಿದ್ವು" ಎಂದ ಕೊನೆಗೆ. "ಆದ್ರೆ ಬೇಸಗೇಲಿ, ಮೂಡಲ ಮೂಲೇಲಿ, ನಾನೇ ಮುಳ್ಳು ಸರಿಸಿ ನಾಕು ದಿನ ಮೇಯಿಸಿದೀನಿ. ಆಮೇಲೆ ಮಳೆ ಬಿದ್ದದೆ. ಹೋಗಿ ನೋಡಿ."

ಹೋದರು. ಬಯಲೆಲ್ಲ ಬೂದಿಬಣ್ಣ, ಮೂಡಲ ಮೂಲೆ ಮಾತ್ರ ಗಿಣಿಹಸಿರು, ನಡುನಡುವೆ ಕುರಿಹಿಕ್ಕೆ. ಚಾಗಲೆ ಮಂಡಿಯೂರಿ ಪಕ್ಕದ ಒಣಹುಲ್ಲನ್ನು ಬಿಡಿಸಿ ನೋಡಿದಳು. ಒಳಗೆ ಚಿಗುರು ಬೆಳ್ಳಗೆ ಕೊಳೆತಿತ್ತು.

ತಲೆ ಕಡಿಯಲು ಕತ್ತಿ ಹಿಡಿದು ಜೊತೆಗೇ ಬಂದಿದ್ದ ಕಟುಕ, ಅರಸನ ಮುಖ ನೋಡಿದ. ಅರಸ ಒಂದು ಹಸಿರೆಸಳು ಕಿತ್ತು ಬಹಳ ಹೊತ್ತು ಅಗಿದ.

"ತಲೆ ಹೋಗುವುದು ಗೊತ್ತಿದ್ದೂ ಹೇಳಿದೆಯಲ್ಲ. ಏನು ಬೇಕು, ಕೇಳು."

"ಕುರಿ ಬಿಡಿ, ಬೇಲಿ ತೆಗೀರಿ. ವರ್ಷಕ್ಕೆರಡು ಸಲ ಮೇಯಿಸ್ಕೊಂಡು ಹೋಗ್ತೀವಿ. ಇಲ್ಲೇ ಠಿಕಾಣಿ ಹೂಡಿದ್ರೆ ಅದೂ ಹಾಳೇ."

"ಅರ್ಧ ರಾಜ್ಯ?"

"ಅದನ್ನ ಕಾಯೋರು ಯಾರು, ಬುದ್ಧಿ."

"ನಾನು?" ಎಂದಳು ಚಾಗಲೆ.

"ನಿಮ್ಮನ್ನ ನಿಮ್ಮಪ್ಪಾಜಿ ಹತ್ರ ಕೇಳಾಕಿಲ್ಲ. ನಿಮ್ಮನ್ನೇ ಕೇಳ್ತೀನಿ."

"ಮೊದಲು ಆ ಮರವಿಲ್ಲದ ಬೆಟ್ಟ ತೋರಿಸು. ಆಮೇಲೆ ಕೇಳು."

ಸೆರೆಯಲ್ಲಿದ್ದ ವರಮಹಾಶಯರನ್ನೆಲ್ಲ ಬಿಟ್ಟರು, ಬೇಲಿಯ ಮುಳ್ಳು ಕೀಳುವುದಕ್ಕೆ. ದಂಡನಾಯಕನ ಕೈ ಎಲ್ಲರಿಗಿಂತ ಹೆಚ್ಚು ತರಚಿತು. ಬೇಲಿ ಬಿದ್ದ ಕಡೆಯಿಂದ ನೂರಿಪ್ಪತ್ತು ಕುರಿಗಳೂ ಒಳಗೆ ಹೋಗಿ ತಲೆ ತಗ್ಗಿಸಿದವು. ಸಂಜೆಯ ತನಕ ಎತ್ತಲಿಲ್ಲ. ಮುಂದಿನ ಮಳೆಗೆ ಬಯಲು ಅಷ್ಟಗಲವೂ ಹಸಿರಾಯಿತು. ಬೆಟ್ಟದಿಂದ ಇಳಿದು ಬಂದ ಚಾಗಲೆಯನ್ನು ಮಾಳಿಂಗ ಕೇಳಿದ, ಅವಳು ಹೂಂ ಅಂದಳು.

ಮದುವೆಯೂಟಕ್ಕೆ ನಾನೂ ಹೋಗಿದ್ದೆ. ಹಾಗೆ ನೋಡಬೇಡಿ, ಹೋಗಿರಲಿಲ್ಲ. ಅದಕ್ಕೇ ಹೊಟ್ಟೆ ಖಾಲಿ. ಈ ಚಹಾದ ಕಾಸು ನೀವೇ ಕೊಟ್ಟುಬಿಡಿ. ಎರಡು ಬನ್ನೂ ತಿಂದಿದ್ದೇನೆ.