ಬಿರುಗಾಳಿಯ ಕೊರಳಿಗೆ ಟಗರಿನ ಗಂಟೆ

ಅಯ್ಯೋ, ನಾಯಿ ಅಂದ್ಮೇಲೆ ಓಡಾಡ್ಲಿ, ಹಗ್ಗ ಯಾಕೆ ಅಂತೀರಾ? ಸರಿ ಬಿಡಿ. ಕೆಂಚಪ್ಪ ನಾಯಕ ಅಂತ ಒಬ್ಬ ದೊರೆ ಇದ್ದ, ಗುಡ್ಡದ ಸೀಮೇಲಿ. ಅವನೂ ಹಿಂಗೇ ಕೇಳ್ತಿದ್ದ. ಒಂದಿನ ಕೇಳೋದು ನಿಲ್ಲಿಸ್ದ.

ಅವನಿಗೆ ಹುಚ್ಚು ಎರಡು. ಒಂದು, ಹೊತ್ತು ಮೂಡ್ತಿದ್ದಂಗೆ ಹೊಲ, ಗೋಮಾಳ ಸುತ್ತೋದು. ಇನ್ನೊಂದು, ಅವನ ಬೇಟೆನಾಯಿ ಬಿರುಗಾಳಿ. "ಆಹಾ, ಏನ್ ಗಾಳಿ! ಏನ್ ಹಕ್ಕಿ! ನಡಿಯೋ ಮಗನೇ!" ಅಂತ ದೊರೆ ಕುಣೀತಾ ಹೊರಟ್ರೆ ನಾಯಿ ಆಗ್ಲೇ ಮೂರು ಹೊಲ ಮುಂದೆ.

ದಾರೀಲಿ ಮಾಳವ್ವನ ಕುರಿಹಟ್ಟಿ. ಮೊದಲ್ನೇ ದಿನ ದೊರೆ ಹಟ್ಟಿಯ ಮುಳ್ಳುಬಾಗಿಲು ತೆಗೆದು ಹಾದುಹೋದ, ಮುಚ್ಚಲಿಲ್ಲ. ಕುರಿಗಳು ಪಕ್ಕದವರ ಹುರುಳಿ ಹೊಲದಲ್ಲಿ ಊಟ ಮುಗಿಸಿದ್ವು. ಎರಡನೇ ದಿನ ಬದು ಬಿಟ್ಟು ಅವಳ ರಾಗಿ ಪೈರು ತುಳಕೊಂಡು ನಡೆದ. "ಕಾಲಿಗೆ ತಂಪು!" ಅಂದ. ಮೂರನೇ ದಿನ ಬಿರುಗಾಳಿ ಹಟ್ಟಿಯೊಳಕ್ಕೇ ಹಾರ್ತು. ಗಬ್ಬದ ಕುರಿಗಳು ಬೆದರಿ ಒಂದರ ಮೇಲೊಂದು ಬಿದ್ವು.

ಮಾಳವ್ವ ಓಡಿಬಂದ್ಲು. "ಬುದ್ಧೀ, ಈ ಸಲದ ಮರಿಗಳೇ ನನ್ನ ಬದುಕು. ಹಿಂಗೆ ಬೆದರಿದ್ರೆ ಹೊಟ್ಟೇಲಿರೋ ಮರಿ ಕಂದು ಹಾಕ್ತವೆ. ನಾಯಿ ಕಟ್ಕಳಿ."

"ನಾಡು ನಂದು, ನಾಯಿ ನಂದು. ಆಟ ಆಡ್ತದೆ ಬಿಡು!"

"ಆಗ್ಲಿ ಬುದ್ಧೀ," ಅಂದ್ಲು ಮಾಳವ್ವ.

ಮಾರನೇ ದಿನ ಗಬ್ಬದ ಕುರಿಗಳನ್ನೆಲ್ಲ ಒಳದೊಡ್ಡೀಲಿ ಭದ್ರ ಮಾಡಿ, ಟಗರುಗಳನ್ನ ಮಾತ್ರ ಹೊರಗೆ ಬಿಟ್ಳು. ದೊರೆ ಬಂದ. "ಅಲ್ಲ ಬುದ್ಧೀ, ಅರಮನೆ ನಾಯಿಗೆ ಬರೀ ಕೊರಳಾ? ನೋಡೋಕಾಗಲ್ಲ!" ಅಂತ ಮುಂದಾಳು ಟಗರಿನ ಗಂಟೆ ಬಿಚ್ಚಿ ನಾಯಿಗೆ ಕಟ್ಟಿದ್ಲು. ದೊರೆ ಹಿಗ್ಗಿಹೋದ. "ಭಲೇ! ಓಡೋ ಬಿರುಗಾಳಿ!"

ಓಡ್ತು. ಡಣ್ ಡಣ್ ಡಣ್.

ಕುರಿ ಕಾಯೋರಿಗೆ ಗೊತ್ತು, ಗಂಟೆ ಎತ್ಲಾಗೋ ಹಿಂಡು ಅತ್ಲಾಗೆ. ದೊರೆಗೆ ಗೊತ್ತಿರಲಿಲ್ಲ. ಅಷ್ಟೂ ಟಗರು ದಡದಡ ಹಿಂದೆ ಬಿದ್ವು. ಬಿರುಗಾಳಿ ಒಂದ್ಸಲ ತಿರುಗಿ ನೋಡ್ತು. ಹೌಹಾರಿ ಮನೆ ದಾರಿ ಹಿಡೀತು. ಡಣ್ ಡಣ್! ದೊರೆ ಅಡ್ಡ ನಿಂತ. ಟಗರುಗಳು ಅವನನ್ನ ಬಳಸಿ ಹೋಗೋ ಯೋಚನೆ ಮಾಡಲಿಲ್ಲ.

ಮೈ ಕೊಡವಿಕೊಂಡು ದೊರೆ ಅರಮನೆ ಸೇರೋ ಹೊತ್ತಿಗೆ ನಾಯಿ ಮಂಚದ ಕೆಳಗಿತ್ತು. ಟಗರುಗಳು ಮಲ್ಲಿಗೆ ತೋಟ ಮುಗಿಸಿ ಒಳಗೆ ಬಂದಿದ್ವು. ಒಂದು ಸಿಂಹಾಸನದ ಮೇಲೆ ಕೂತು ದೊರೆಯ ಪೇಟ ಮೆಲ್ತಿತ್ತು.

ಹಿಂದೇನೇ ಮಾಳವ್ವ ಬಂದ್ಲು. "ಹೊಡೀಬೇಡಿ ಬುದ್ಧೀ, ಆಟ ಆಡ್ತವೆ."

ದೊರೆ ತಲೆ ತಗ್ಗಿಸ್ದ. "ತಪ್ಪಾಯ್ತವ್ವ. ಕರಕೊಂಡು ಹೋಗು. ಪೈರಿನ ನಷ್ಟವೆಲ್ಲ ನಂದೇ. ಹಟ್ಟಿ ಹತ್ರ ಇನ್ನು ನಾಯಿ ನನ್ನ ಕೈಯಲ್ಲೇ."

ಅದಕ್ಕೇ ಹೇಳೋದು. ಸುತ್ತಾಡಿ, ಬೇಡ ಅನ್ನೋರಿಲ್ಲ. ತೆಗೆದ ಬಾಗಿಲು ಮುಚ್ಚಿ, ಬದು ಮೇಲೆ ನಡೀರಿ, ದನಕುರಿ ಕಂಡ್ರೆ ನಾಯಿಗೆ ಹಗ್ಗ ಹಾಕಿ. ನಮ್ಮ ಸಂತೋಷ ಇನ್ನೊಬ್ಬರ ಬದುಕು ತುಳೀಬಾರದು.

ಅವತ್ತು ರಾಣಿ ಹೊನ್ನಾಜಮ್ಮ ಪಡಸಾಲೆಯಲ್ಲಿ ಟಗರುಗಳ ಹಿಕ್ಕೆ ಗುಡಿಸ್ತಾ ದೊರೆಯ ಮಾತೆಲ್ಲ ಕೇಳಿಸ್ಕೊಂಡ್ಲು. ಪೊರಕೆ ಗೋಡೆಗೆ ಒರಗಿಸಿ ದೊರೆಗೆ ಇಷ್ಟೇ ಅಂದ್ಲು:

"ನಾಳೆ ಎಮ್ಮೆ ಮೇಯೋ ಕಡೆ ಮಾತ್ರ ಹೋಗ್ಬೇಡಿ. ಮನೇಲಿ ಜಾಗ ಇಲ್ಲ."