ಮುಟ್ಟಿದರೆ ಮುನಿ ಬೆಚ್ಚಿಬಿದ್ದ ದಿನ

ಆಗ ಭೂಮಿ ಇನ್ನೂ ಹಸಿಹಸಿಯಾಗಿತ್ತು ಮಗಾ. ಬೆಟ್ಟಗಳಿಗೆ ನೆಟ್ಟಗೆ ಕೂರಲು ಬರುತ್ತಿರಲಿಲ್ಲ. ಹೊಳೆಗೆ ಯಾವ ಕಡೆ ಹರಿಯಬೇಕೆಂದು ತಿಳಿಯುತ್ತಿರಲಿಲ್ಲ. ಆದರೆ ಕಾಡಿನಲ್ಲಿ ಆಗಲೇ ಒಂದು ಶಿಶುವಿಹಾರವಿತ್ತು. ಗೋಡೆಯಿಲ್ಲ, ಸೂರಿಲ್ಲ, ಗಂಟೆಯೂ ಇಲ್ಲ. ತಾಯಂದಿರು ಮೇಯಲು ಹೋಗುವಾಗ ಮರಿಗಳನ್ನು ಅಲ್ಲಿ ಬಿಟ್ಟು ಹೋಗುತ್ತಿದ್ದರು. ನೋಡಿಕೊಳ್ಳುವವಳು ಆಮೆಯಜ್ಜಿ.

ಮರಿಗಳು ಕೆಸರಲ್ಲಿ ಹೊರಳಿ ಕಲಿಯುತ್ತಿದ್ದವು, ಮರ ಹತ್ತಿ ಬಿದ್ದು ಕಲಿಯುತ್ತಿದ್ದವು. ಬಿದ್ದು ಅತ್ತರೆ, ಆಮೆಯಜ್ಜಿ ಹತ್ತಿರ ಬರುವಷ್ಟರಲ್ಲಿ ಅಳುವೇ ಮುಗಿದಿರುತ್ತಿತ್ತು.

ಬಯಲಿನ ನಡುವೆ ಒಂದು ಗಿಡ ಹಬ್ಬಿತ್ತು. ಸಣ್ಣ ಸಣ್ಣ ಎಲೆಗಳು, ದಿನವಿಡೀ ಅಗಲಕ್ಕೆ ಬಿಚ್ಚಿಕೊಂಡೇ ಇರುತ್ತಿದ್ದವು. ಮರಿಗಳು ಮುಟ್ಟಿದರೂ ಸರಿ, ಮೇಲೆ ಉರುಳಿದರೂ ಸರಿ, ಅದು ಮುದುಡುತ್ತಿರಲಿಲ್ಲ. ನಂಬು, ಮುದುಡುತ್ತಲೇ ಇರಲಿಲ್ಲ! ಬೇರೆ ಗಿಡಗಳೆಲ್ಲ ಹರಟುತ್ತಿದ್ದವು. ಇದಕ್ಕೆ ಮಾತು ಬರುತ್ತಿರಲಿಲ್ಲ. ಆದರೆ ಮರಿಗಳೆಂದರೆ ಪ್ರಾಣ.

ಆ ಶಿಶುವಿಹಾರದಲ್ಲಿ ಮೊದಲ ಪಾಠ ಅಡಗುವುದು. ಅಡಗಲು ಬಂದವರೇ ಕಾಡಿನಲ್ಲಿ ಬದುಕುವವರು.

"ಅಡಗಿದ ಮೇಲೆ ಅಲುಗಬಾರದು," ಎನ್ನುತ್ತಿದ್ದಳು ಆಮೆಯಜ್ಜಿ. "ಯಾರೇ ಬರ್ಲಿ, ಏನೇ ಆಗ್ಲಿ, ನಾನು 'ಬಾ ಕಂದಾ' ಅನ್ನೋವರೆಗೂ ಉಸಿರೂ ಕೇಳಿಸ್ಬಾರ್ದು. ಗೊತ್ತಾಯ್ತಾ?"

ಒಂದು ದಿನ ಹುಡುಕುವ ಸರದಿ ಆನೆಮರಿ ಡುಬ್ಬನದು. ಮೊಲದ ಮರಿ ಚಿಟುಕಿ ಮೆಲ್ಲಗೆ ಆ ಗಿಡದ ಎಲೆಗಳಡಿ ನುಸುಳಿ ಕೂತಳು. ಡುಬ್ಬ ಎಲ್ಲರನ್ನೂ ಹಿಡಿದ. ಚಿಟುಕಿ ಮಾತ್ರ ಸಿಗಲಿಲ್ಲ. ಹುಡುಕಿ ಹುಡುಕಿ ಅವನಿಗೆ ಸುಸ್ತಾಯಿತು.

"ಅಜ್ಜೀ, ಸಾಕಾಯ್ತು. ಸ್ವಲ್ಪ ಹೊತ್ತು ಮಲಕ್ಕೋತೀನಿ," ಎಂದು ಮೆತ್ತಗಿನ ಹಸಿರಿನ ಕಡೆ ನಡೆದ.

ಗಾಳಿಗೆ ಎಲ್ಲ ಗೊತ್ತಿತ್ತು. "ಬೇಡ ಡುಬ್ಬಾ, ಅಲ್ಲಿ ಬೇಡ!" ಎಂದು ಅವನ ಕಿವಿಯಲ್ಲಿ ಕೂಗಿತು.

"ಹೋಗು ಗಾಳಿಮಾಮಾ! ನಿನ್ನೆ ಹೀಗೇ ಏನೋ ಹೇಳಿ ನನ್ನನ್ನ ಮುಳ್ಳಿನ ಪೊದೆಗೆ ನುಗ್ಗಿಸಿದ್ದೆ," ಅಂದ ಡುಬ್ಬ. ಸದಾ ಚೇಷ್ಟೆ ಮಾಡುವವರ ಪಾಡೇ ಇದು, ನಿನಗೂ ನೆನಪಿರಲಿ.

ಡುಬ್ಬ ಕಾಲೆತ್ತಿದ. ಎಲೆಗಳ ಸಂದಿಯಿಂದ ಚಿಟುಕಿ ಆ ಕಾಲನ್ನು ನೋಡಿದಳು. ಆದರೂ ಅಲುಗಲಿಲ್ಲ. ಪಾಠವೆಂದರೆ ಪಾಠ!

ಕಾಲಿನ ಅಂಚು ಮೊದಲ ಎಲೆಗೆ ತಾಕಿತು. ಗಿಡದ ಜೀವ ಝಲ್ಲೆಂದಿತು. ಅಯ್ಯೋ, ಕೂಗಲು ಬಾಯಿಲ್ಲ, ತಡೆಯಲು ಕೈಯಿಲ್ಲ! ಬೆಚ್ಚಿಬಿದ್ದ ಗಿಡ ಎಲೆಗಳನ್ನು ಪಟಪಟನೆ ಮಡಚಿತು. ಒಂದು ಕಡ್ಡಿ ಮಡಚಿತು, ಪಕ್ಕದ್ದು ಮಡಚಿತು, ಅದರ ಪಕ್ಕದ್ದೂ ಮಡಚಿತು. ಹಸಿರು ಹಾಸಿಗೆಯೇ ಮಾಯ! ಬರಿ ನೆಲದ ಮೇಲೆ ಚಿಟುಕಿ.

"ಅಮ್ಮಾ!" ಎಂದು ಚೀರಿದ ಡುಬ್ಬ, ಎತ್ತಿದ ಕಾಲನ್ನು ಊರದೆ ಪಕ್ಕಕ್ಕೆ ವಾಲಿ ಧೊಪ್ಪೆಂದು ಬಿದ್ದ. ಕೀಟಲೆಯ ಗಾಳಿ ಕೂಡ ಬೀಸುವುದನ್ನು ಮರೆತು ನಿಂತಿತು.

ಆಮೆಯಜ್ಜಿ ಎದ್ದು ಬಿದ್ದು ಬಂದಳು. "ಅಷ್ಟು ದೊಡ್ಡ ಕಾಲು ಕಾಣ್ಲಿಲ್ವೇನೇ? ಓಡ್ಬಾರ್ದಿತ್ತಾ ಕೂಸೇ?"

"ಕಾಣ್ತು. ನೀವು 'ಬಾ ಕಂದಾ' ಅಂದೇ ಇಲ್ವಲ್ಲ ಅಜ್ಜಿ," ಎಂದಳು ಚಿಟುಕಿ. ಆಗಲೂ ಅವಳು ಕೂತಲ್ಲಿಂದ ಅಲುಗಿರಲಿಲ್ಲ.

ಅಜ್ಜಿಗೆ ಸಿಡಿಲು ಬಡಿದಂತಾಯಿತು. "ಬಾ ಕಂದಾ, ಬಾ," ಎಂದು ಬಿಕ್ಕಿಬಿಕ್ಕಿ ಅತ್ತಳು. "ಕಾಲು ಬಂದ್ರೆ ಓಡು ಅಂತ ನಾನೇ ಹೇಳಿಕೊಡ್ಲಿಲ್ವಲ್ಲೇ!" ಅಂದೇ ಪಾಠ ಬದಲಾಯಿತು.

ಸ್ವಲ್ಪ ಹೊತ್ತಾದ ಮೇಲೆ ಗಿಡ ಒಂದೊಂದೇ ಎಲೆ ಬಿಚ್ಚಿತು. "ಏನೂ ಆಗ್ಲಿಲ್ಲ ತಾಯಿ, ಎಲ್ಲಾ ಮರಿಗಳೂ ಇದಾವೆ," ಎಂದು ಅಜ್ಜಿ ಸವರಿದಳು. ಸವರಿದ್ದೇ ತಡ, ಮತ್ತೆ ಮಡಚಿಕೊಂಡಿತು! ಮಾರನೆಯ ದಿನ ಅಳಿಲಿನ ಬಾಲ ತಾಕಿತು, ಆಗಲೂ ಮಡಚಿತು. ಆ ಹೆದರಿಕೆ ಅದರ ಮೈಬಿಟ್ಟು ಹೋಗಲೇ ಇಲ್ಲ.

ಜನ ಅದನ್ನು ನಾಚಿಕೆ ಗಿಡ ಎನ್ನುತ್ತಾರೆ, ಮುಟ್ಟಿದರೆ ಮುನಿ ಎನ್ನುತ್ತಾರೆ. ನಾಚಿಕೆಯೂ ಅಲ್ಲ, ಮುನಿಸೂ ಅಲ್ಲ ಮಗಾ. ಇವತ್ತಿಗೂ ನಿನ್ನ ಬೆರಳು ತಾಕಿದ ಕೂಡಲೇ ಅದು ಎಲೆ ಮಡಚಿ, 'ಅಡಿಯಲ್ಲಿ ಯಾವ ಮರಿಯಾದರೂ ಇದೆಯೇನೋ ನೋಡಿ ಕಾಲಿಡು' ಎಂದು ನಿನಗೆ ನೆಲ ತೋರಿಸುತ್ತದೆ.