ಎಮ್ಮೆಯ ಮೆಲುಕು ನಿಲ್ಲಿಸಿದ ಮಾತು

ಒಂದೂರಿತ್ತಂತೆ. ಯಾವೂರು ಅಂತ ಕೇಳಬೇಡಿ, ಕತೆಯ ಊರಿಗೆ ದಾರಿ ಕೇಳಿಕೊಂಡು ಹೊರಟವರು ಯಾರೂ ಹೋಗಿ ಮುಟ್ಟಿಲ್ಲ. ಕಡಲೆಕಾಯಿ ಬಿಡಿಸಿಕೊಂಡು ತಿನ್ನುತ್ತಾ ಕೇಳಿ, ನನ್ನದೇನೂ ಅಡ್ಡಿಯಿಲ್ಲ.

ಆ ಊರಲ್ಲಿ ಒಂದು ಕಟ್ಟಳೆ. ಯಾರ ಮೇಲೆ ಯಾರು ತಕರಾರು ತಂದರೂ ಹುಣ್ಣಿಮೆಯ ದಿನ ಬೆಳಿಗ್ಗೆ ಅರಳಿಕಟ್ಟೆಯ ಮುಂದೆ ಸೇರಬೇಕು. ತಳವಾರ ಮೂರು ಸಲ ಕೂಗಿ ಕೇಳುತ್ತಾನೆ. ಮೂರು ಕೂಗಿಗೂ ಸುಮ್ಮನಿದ್ದವರು ಒಪ್ಪಿಕೊಂಡರು ಅಂತಲೇ ಅರ್ಥ. ಬಾಯಿಬಿಟ್ಟು ಇಲ್ಲ ಅಂದರೆ ಮಾತ್ರ, ತಕರಾರು ತಂದವನು ಬಾಯಿ ತೊಳೆದುಕೊಂಡು, ದೀಪ ಮುಟ್ಟಿ ಆಣೆ ಮಾಡಬೇಕು. ಆದರೆ ಆ ದೀಪ ಹಚ್ಚಿದ್ದನ್ನು ಕಂಡವರೇ ಇರಲಿಲ್ಲವಂತೆ. ಊರ ಯಜಮಾನ ಹಲಗೇಗೌಡ ಬಾಯಿತುಂಬ ಎಲೆಅಡಿಕೆ ಹಾಕಿಕೊಂಡು ಎದುರಿಗೆ ಕೂತನೆಂದರೆ ಎಂಥವರಿಗೂ ನಾಲಿಗೆ ಹೊರಳುತ್ತಿರಲಿಲ್ಲ.

ಅದೇ ಊರಲ್ಲಿ ನಿಂಗಾಜಿ ಅಂತ ಒಬ್ಬ ಹುಡುಗಿ. ಅಪ್ಪ ಇಲ್ಲ, ಅವ್ವನೂ ತೀರಿಕೊಂಡಿದ್ದಳು. ಅವ್ವ ಬಿಟ್ಟುಹೋದದ್ದು ಚಂದ್ರಿ ಅನ್ನೋ ಎಮ್ಮೆ ಮತ್ತು ಅದರ ಕರು. ಹಾಲು ಮಾರಿಕೊಂಡು ಹೊಟ್ಟೆ ಹೊರೆಯುತ್ತಿದ್ದಳು. ಕೊಟ್ಟಿಗೆಯೊಳಗೆ ಅರಳು ಹುರಿದಂತೆ ಮಾತಾಡುವವಳು, ನಾಲ್ಕು ಜನರೆದುರು ನಿಂತರೆ ಮುಗಿಯಿತು. ಗಂಟಲು ಕಟ್ಟಿ, ಕಾಲು ನಡುಗಿ, ಕಣ್ಣು ನೆಲ ನೋಡುತ್ತಿತ್ತು.

ಇದು ಹಲಗೇಗೌಡನಿಗೆ ಗೊತ್ತಾಯಿತು. ಗೊತ್ತಾದ ಮೇಲೆ ಬಿಡುತ್ತಾನೆಯೇ ಮಹಾರಾಯ! ಒಂದು ಹುಣ್ಣಿಮೆ ಕಟ್ಟೆಯ ಮೇಲೆ ಕೂತು, "ಇವಳವ್ವ ಸಾಯೋಕೆ ಮುಂಚೆ ಕರು ನಂಗೇ ಅಂತ ಮಾತು ಕೊಟ್ಟಿದ್ಲು" ಅಂದ. ಶುದ್ಧ ಸುಳ್ಳು. ತಳವಾರ ಕೂಗಿದ, "ಹೌದೋ, ಇಲ್ವೋ?" ನಿಂಗಾಜಿಯ ತುಟಿ ಅಲುಗಿತು, ಮಾತು ಬರಲಿಲ್ಲ. ಎರಡನೇ ಕೂಗಾಯಿತು, ಮೂರನೇ ಕೂಗೂ ಆಯಿತು. ಕರು ಹೋಗಿ ಗೌಡನ ಕೊಟ್ಟಿಗೆ ಸೇರಿತು.

ಮನೆಗೆ ಬಂದವಳೇ ಚಂದ್ರಿಯ ಕೊರಳು ತಬ್ಬಿಕೊಂಡು ಅತ್ತಳು. ಕಣ್ಣೀರು ಇನ್ನೂ ಆರಿಲ್ಲ, ಬಾಗಿಲಿಗೆ ತಳವಾರ ಬಂದ. "ಬರೋ ಹುಣ್ಣಿಮೆಗೆ ಎಮ್ಮೇನೂ ಕೇಳ್ತಾರಂತೆ ಕನವ್ವ ಗೌಡ್ರು" ಅಂತ ಹೇಳಿ ಹೋದ.

ಆಗ ಎಮ್ಮೆ ಬಾಯಿಬಿಟ್ಟಿತಂತೆ. ಎಮ್ಮೆ ಮಾತಾಡುತ್ತದೆಯೇ ಅನ್ನಬೇಡಿ. ಕರು ಕಳಕೊಂಡ ತಾಯಿ ಮಾತಾಡದೆ ಇನ್ನೇನು ಮಾಡುತ್ತದೆ?

"ಅತ್ತಿದ್ದು ಸಾಕು ಮಗಾ. ನಿನ್ ಗಂಟ್ಲು ಕಟ್ತು, ನನ್ ಕರ ಹೋಯ್ತು. ಈಗ ನನ್ನೂ ಕಳಿಸ್ಬುಟ್ಟೀಯಾ?"

"ಇಲ್ಲ ಕನವ್ವಾ, ಸತ್ರೂ ಕಳ್ಸಾಕಿಲ್ಲ."

"ಇದೇ ಮಾತ ಅಲ್ಲಿ ಆಡ್ಬೇಕು. ದಿನಾ ನನ್ನೆದುರು ನಿಂತ್ಕೊಂಡು ಹೇಳು. ನಾನು ಮೆಲುಕು ಹಾಕ್ತಾ ಇರ್ತೀನಿ. ಯಾವತ್ತು ನನ್ ದವಡೆ ನಿಲ್ತದೋ ಅವತ್ತು ನೀನು ಮಾತಾಡ್ದೆ ಅಂತ."

ಹುಡುಗಿ ಸೆರಗು ಸಿಗಿಸಿ ನಿಂತಳು. ನೆಲ ನೋಡಿಕೊಂಡು ಪಿಸುಗುಟ್ಟಿದಳು. ಎಮ್ಮೆ ಮೆಲುಕು ಹಾಕಿತು. ಮಾರನೇ ದಿನ ಸೂರು ಹಾರಿಹೋಗುವ ಹಾಗೆ ಕಿರುಚಿದಳು. ಎಮ್ಮೆ ಕಿವಿ ಒದರಿತು, ಮೆಲುಕು ಹಾಕಿತು. ಬಾಯಿಪಾಠ ಮಾಡಿ ಗಡಗಡ ಒಪ್ಪಿಸಿದಳು. ಎಮ್ಮೆ ಕಣ್ಣು ಮುಚ್ಚಿಕೊಂಡು ಮೆಲುಕು ಹಾಕಿತು. ನಿಂಗಾಜಿಗೆ ಸಿಟ್ಟು ಬಂತು, ಅಳು ಬಂತು, ಆದರೂ ಹಟ ಬಿಡಲಿಲ್ಲ.

ಒಂದು ಬೆಳಿಗ್ಗೆ ಕರುವಿನ ಖಾಲಿ ಗೂಟ ಕಣ್ಣಿಗೆ ಬಿತ್ತು. ಕಲಿತ ಮಾತೆಲ್ಲ ಮರೆತುಹೋಯಿತು. ಎಮ್ಮೆಯ ಕಣ್ಣಲ್ಲಿ ಕಣ್ಣಿಟ್ಟು, ಇದ್ದದ್ದನ್ನು ಇದ್ದ ಹಾಗೆ ನಿಧಾನವಾಗಿ ಹೇಳಿದಳು. ಎಮ್ಮೆಯ ದವಡೆ ನಿಂತಿತು.

"ಈಗ ಕೆರೆ ಏರಿಗೆ ನಡಿ" ಅಂದಿತು ಚಂದ್ರಿ. ಊರ ಎಮ್ಮೆಗಳೆಲ್ಲ ಅಲ್ಲಿ ನೀರಲ್ಲಿ ಬಿದ್ದುಕೊಂಡಿದ್ದವು. ನಿಂಗಾಜಿ ಏರಿಯ ಮೇಲೆ ನಿಂತು ಮಾತಾಡಿದಳು. ಬಟ್ಟೆ ಒಗೆಯುವ ಹೆಂಗಸರು, "ಪಾಪ, ತಲೆ ಕೆಟ್ಟೋಯ್ತು" ಅಂತ ನಕ್ಕರು. ನಕ್ಕರೆ ನಗಲಿ ಅಂತ ಅವಳು ಮತ್ತೆ ಮೊದಲಿಂದ ಹೇಳಿದಳು. ದಿನಾ ಹೇಳಿದಳು. ಕೊನೆಗೊಂದು ದಿನ ಹತ್ತಿರದ ಎಮ್ಮೆ ಮೆಲುಕು ನಿಲ್ಲಿಸಿತು, ಆಚೆಯದು ನಿಲ್ಲಿಸಿತು, ತೂಬಿನ ಬಳಿ ಮಲಗಿದ್ದ ಮುದಿ ಕೋಣವೂ ನಿಲ್ಲಿಸಿತು. ಒಗೆಯುವ ಬಟ್ಟೆಯ ಸದ್ದೂ ನಿಂತಿತ್ತಂತೆ.

"ಆದ್ರೂ ಕಾಲು ನಡುಗ್ತದಲ್ಲವ್ವಾ" ಅಂದಳು ಹುಡುಗಿ.

"ನಡುಗಿದ್ರೆ ನಡುಗ್ಲಿ. ಮಾತಾಡೋದು ಬಾಯಿ ತಾನೆ?"

ಹುಣ್ಣಿಮೆ ಬಂತು. ಊರೆಲ್ಲ ಸೇರಿತು. ಹಲಗೇಗೌಡ ಎಲೆಅಡಿಕೆ ಅಗಿಯುತ್ತಾ, "ಇವಳವ್ವ ಎಮ್ಮೇನೂ ನಂಗೇ ಅಂತ ಅಂದಿದ್ಲು" ಅಂದ. ತಳವಾರ ಕೂಗಿದ, "ಹೌದೋ, ಇಲ್ವೋ?" ನಿಂಗಾಜಿಯ ಗಂಟಲು ಕಟ್ಟಿತು. ಎರಡನೇ ಸಲ ಕೂಗಿದ. "ಇಲ್ಲ" ಅಂದಳು, ಅವಳ ಕಿವಿಗೇ ಕೇಳಲಿಲ್ಲ. ಹೋಯಿತು ಎಮ್ಮೆ ಅಂದುಕೊಂಡು ತಲೆಯೆತ್ತಿ ನೋಡುತ್ತಾಳೆ, ಕಟ್ಟೆಯ ತುಂಬ ಹಿರಿಯರು. ಎಲ್ಲರ ಬಾಯಲ್ಲೂ ಎಲೆಅಡಿಕೆ. ಎಲ್ಲರ ದವಡೆಯೂ ಆಡುತ್ತಿದೆ, ಆಚೆ ಈಚೆ, ಆಚೆ ಈಚೆ. ಅಯ್ಯೋ, ಇವರನ್ನು ನಾನು ದಿನಾ ಕೆರೆಯಲ್ಲಿ ಕಂಡಿದ್ದೇನಲ್ಲ!

ಮೂರನೇ ಕೂಗು ಬಿತ್ತು. ಕಾಲು ನಡುಗುತ್ತಲೇ ಇತ್ತು. ಬಾಯಿ ನಡುಗಲಿಲ್ಲ.

"ಇಲ್ಲ! ನಮ್ಮವ್ವ ಯಾರ್ಗೂ ಮಾತು ಕೊಟ್ಟಿಲ್ಲ. ಸಾಯೋ ಹೊತ್ನಾಗೆ ನನ್ ಕೈಯಿ ಎಮ್ಮೆ ಕೊರಳ ಮ್ಯಾಲಿಟ್ಟು, ಇವಳೇ ಇನ್ಮೇಲೆ ನಿಂಗೆ ಅವ್ವ ಅಂದ್ಲು. ಆವತ್ತು ಕರ ಕೇಳ್ದಾಗ ನಾನು ಒಪ್ಕೊಳ್ಳಿಲ್ಲ, ಹೆದ್ರುಕೊಂಡೆ. ಹೆದರಿಕೇನ ಒಪ್ಗೆ ಅಂದ್ಕೊಂಡ್ರಿ ನೀವು. ನಿಮ್ ಮನೆ ಹೆಣ್ಮಕ್ಳು ಹಿಂಗೇ ನಿಂತಿದ್ರೆ ಏನಂತಿದ್ರಿ?"

ಕಟ್ಟೆಯ ತುದಿಯವನ ದವಡೆ ನಿಂತಿತು. ಪಕ್ಕದವನದು ನಿಂತಿತು. ಒಂದೊಂದೇ ನಿಲ್ಲುತ್ತಾ ಬಂದು, ಕಡೆಗೆ ಹಲಗೇಗೌಡನದೂ ನಿಂತಿತು. ಒಬ್ಬ ಮುದುಕ ಎದ್ದು, "ದೀಪ ಹಚ್ರಪ್ಪ. ಗೌಡ, ಆಣೆ ಮಾಡು" ಅಂದ.

ಗೌಡನ ಬಾಯಲ್ಲಿ ಎಲೆಅಡಿಕೆ, ಆಣೆಗೆ ಶುದ್ಧ ಬಾಯಿ ಬೇಕು. "ಬಾಯಿ ತೊಳ್ಕೊಂಡು ಬಂದೆ" ಅಂತ ಸನ್ನೆ ಮಾಡಿ ಕೆರೆ ಕಡೆ ಹೋದ. ಹೋದವನು ಇನ್ನೂ ಬಂದಿಲ್ಲವಂತೆ! ಎಷ್ಟು ತೊಳೆದರೂ ಆ ಬಾಯಿ ಆಣೆಗೆ ಆಗಿಬರಲಿಲ್ಲವೇನೋ. ಕಾದು ಕಾದು ಹಿರಿಯರೇ ಕರುವನ್ನು ಬಿಡಿಸಿ ತಂದು ಚಂದ್ರಿಯ ಪಕ್ಕ ಕಟ್ಟಿದರು. ಎಮ್ಮೆ ಕರುವನ್ನು ನೆಕ್ಕಿತು, ಹುಡುಗಿಯನ್ನೂ ನೆಕ್ಕಿತು.

ಅಲ್ಲಿ ಅವರ ಕೊಟ್ಟಿಗೆ ತುಂಬಿತು, ಇಲ್ಲಿ ನನ್ನ ಕತೆ ಮುಗಿಯಿತು. ಅರೆ, ನಿಮ್ಮ ಕೈಯಲ್ಲಿ ಕಡಲೆಕಾಯಿ ಹಾಗೇ ಉಳಿದಿದೆಯಲ್ಲ! ಇನ್ನು ತಿನ್ನಿ.